ಖಾಲಿ ಬಾರದ ಡಬ್ಬಿ

ಕವಣೆಯನ್ನು ಮನುಷ್ಯರನ್ನು ಎಸೆಯಲಿಕ್ಕೆಂದು ಯಾರೂ ಕಟ್ಟಿರಲಿಲ್ಲ. ಆದರೆ ಆ ದಿನ ನನ್ನ ಗಂಡನನ್ನು ಅದರಲ್ಲಿ ಕೂಡಿಸಿ ಎಸೆಯುವುದೆಂದು ತೀರ್ಮಾನವಾಯಿತು. ಆ ತೀರ್ಮಾನಕ್ಕೆ ಮೊದಲು ತಲೆಯಾಡಿಸಿದವಳು ನಾನೇ.

ಅವರ ಹೆಸರು ಅಡಿವೆಪ್ಪ. ಹೀಗೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮತ್ತೆ ಗೌರವ್ವನಿಗೆ ಸೇರುವುದಿಲ್ಲ. ಚಂದ್ರನ ಮೇಲೆ ಬಂದು ಕೂತರೂ ಕೆಲವು ವಿಷಯಗಳಲ್ಲಿ ಆಕೆ ಇನ್ನೂ ಗದಗ ಬಿಟ್ಟು ಬಂದಿಲ್ಲ. ಬರುವಾಗ ತನ್ನ ಕಲ್ಲಿನ ಕುಟ್ಟಾಣಿಯನ್ನೂ ತರುತ್ತೇನೆಂದು ಹಟ ಹಿಡಿದಿದ್ದಳು. "ಚಂದ್ರನ ಮ್ಯಾಲೆ ಕಲ್ಲಿಗೇನು ಬರಾನ ಅಜ್ಜಿ?" ಎಂದು ಸಾಮಾನು ತೂಗುವವನು ನಕ್ಕು ಅದನ್ನು ತೆಗೆಸಿಬಿಟ್ಟ. ಆ ನಗುವನ್ನು ಆಕೆ ಇವತ್ತಿಗೂ ಕ್ಷಮಿಸಿಲ್ಲ. ಮಿಕ್ಸರಿನಲ್ಲಿ ತಿರುವಿದ ಶೇಂಗಾ ಚಟ್ನಿಯನ್ನು ತಿನ್ನುವಾಗಲೆಲ್ಲ ಅವನನ್ನು ನೆನೆಯುತ್ತಾಳೆ.

ನಾವಿರುವುದು ಚಂದ್ರನ ದಕ್ಷಿಣ ತುದಿಯಲ್ಲಿ, ಒಂದು ದೊಡ್ಡ ಕುಳಿಯ ಅಂಚಿನ ಮೇಲೆ. ಸರಕಾರಿ ಕಾಗದಗಳಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ. ನಮ್ಮ ಬಾಯಲ್ಲಿ ಇದು ದಿಣ್ಣೆ. ಇಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಬಿಸಿಲಿರುತ್ತದೆ, ಅದಕ್ಕೇ ಮನೆ, ಆಸ್ಪತ್ರೆ, ಸೊಪ್ಪು ಬೆಳೆಯುವ ತೊಟ್ಟಿಗಳು ಎಲ್ಲವೂ ಇಲ್ಲಿವೆ. ಕುಳಿಯ ತಳಕ್ಕೆ ಅದು ಹುಟ್ಟಿದಾಗಿನಿಂದ ಬಿಸಿಲು ಬಿದ್ದಿಲ್ಲ. ಅದು ತಗ್ಗು. ಆ ಕತ್ತಲೆಯಲ್ಲಿ ಮಂಜುಗಡ್ಡೆ ಇದೆ. ಇಬ್ಬರು ಸರದಿಯ ಮೇಲೆ ಅಲ್ಲಿದ್ದು ಅದನ್ನು ಕೊರೆದು ಕರಗಿಸಿ, ಕೊಳವೆಯಲ್ಲಿ ನಮಗೆ ನೀರು ಹತ್ತಿಸುತ್ತಾರೆ. ಗಾಡಿಯಲ್ಲಿ ಸುತ್ತಿ ಬಳಸಿ ಅಲ್ಲಿಂದ ಮೇಲೆ ಬರಲು ಎರಡು ದಿನ ಬೇಕು. ಅದಕ್ಕೇ ಕವಣೆ.

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆಯ ಹೆಸರನ್ನೇ ನಮ್ಮವರು ಇದಕ್ಕೂ ಇಟ್ಟರು. ಉದ್ದನೆಯ ಹಳಿ, ಹಳಿಯುದ್ದಕ್ಕೂ ಅಯಸ್ಕಾಂತಗಳು, ಅದರ ಮೇಲೆ ಒಂದು ಲೋಹದ ಪೆಟ್ಟಿಗೆ. ಕರೆಂಟು ತುಂಬಿಸಿ ಒಮ್ಮೆ ತಳ್ಳಿದರೆ ಪೆಟ್ಟಿಗೆ ಹತ್ತು ಕಿಲೋಮೀಟರ್ ಹಾರಿ ಆಚೆ ಕಟ್ಟಿದ ಬಲೆಯಲ್ಲಿ ಬೀಳುತ್ತದೆ. ಆ ಬಲೆಗೆ ಉಡಿ ಎನ್ನುತ್ತೇವೆ. ದಿಣ್ಣೆಯಲ್ಲೊಂದು, ತಗ್ಗಿನಲ್ಲೊಂದು. ಗಾಳಿಯಿಲ್ಲದ ಜಾಗವಾದ್ದರಿಂದ ಎಸೆದದ್ದು ದಾರಿ ತಪ್ಪುವುದಿಲ್ಲ, ತೂಕವೊಂದು ಸರಿಯಾಗಿ ಗೊತ್ತಿರಬೇಕು. ಹೇಳಿದ್ದಕ್ಕಿಂತ ಭಾರವಿದ್ದರೆ ಉಡಿಗೆ ಮುಂಚೆಯೇ ಬೀಳುತ್ತದೆ, ಹಗುರವಿದ್ದರೆ ಉಡಿಯನ್ನು ದಾಟಿ ಹೋಗುತ್ತದೆ. ಚಂದ್ರನ ಮೇಲೆ ಎಲ್ಲವೂ ಹಗುರ ಎಂಬ ರಿಯಾಯಿತಿ ನಮಗುಂಟು, ತಳ್ಳುವ ಕವಣೆಗಿಲ್ಲ. ಈ ಲೆಕ್ಕ ನೋಡುವ ಎಂಜಿನಿಯರು ನಾನು, ನೀಲಾಂಬಿಕಾ.

ತಗ್ಗಿನಲ್ಲಿದ್ದ ತೂಕದ ಯಂತ್ರ ಚಳಿಗೆ ಕೆಟ್ಟು ಬಹಳ ಕಾಲವಾಗಿತ್ತು. ಅಲ್ಲಿಂದ ಮೇಲೆ ಬರುವುದು ಬರೀ ಖಾಲಿ ಪೆಟ್ಟಿಗೆ, ಖಾಲಿ ಪೆಟ್ಟಿಗೆಯ ತೂಕ ಗೊತ್ತೇ ಇದೆ, ಹೊಸ ಯಂತ್ರ ಯಾಕೆ ಎಂದು ಭೂಮಿಯ ಕಚೇರಿಯವರು ಉತ್ತರ ಬರೆದಿದ್ದರು. ಬರೆದವರು ನಮ್ಮ ಕಡೆಯವರಲ್ಲ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ಯಾಕೆಂದರೆ ಪ್ರತಿ ಪೆಟ್ಟಿಗೆಯಲ್ಲೂ ನಾನು ಗಂಡನಿಗೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಬುತ್ತಿ ಕಳಿಸುತ್ತೇನೆ. ರೊಟ್ಟಿ, ಎಣಗಾಯಿ, ಮೊಸರು, ಚಟ್ನಿ. ಡಬ್ಬಿ ಮರಳಿ ಬರಬೇಕು. ನಮ್ಮಲ್ಲಿ ಯಾರ ಮನೆಯಲ್ಲಾದರೂ ಸರಿ, ಇನ್ನೊಬ್ಬರು ತುಂಬಿ ಕೊಟ್ಟ ಬಟ್ಟಲನ್ನು ಖಾಲಿ ಮರಳಿಸುತ್ತಾರೆಯೇ? ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಆ ಕತ್ತಲ ಕುಳಿಯಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಹಾಗಾಗಿ ಅಡಿವೆಪ್ಪ ಒಮ್ಮೆ ತಂತಿ ಬಗ್ಗಿಸಿ ಸೌಟು ತೂಗಹಾಕುವ ಕೊಕ್ಕೆ ಮಾಡಿ ಇಟ್ಟರು. ಇನ್ನೊಮ್ಮೆ ಸವೆದ ಡ್ರಿಲ್ಲಿನ ಹಲ್ಲನ್ನು ತಿಕ್ಕಿ ಬೆಳ್ಳುಳ್ಳಿ ಸುಲಿಯುವ ಚಾಕು ಮಾಡಿದರು. ಏನೂ ಸಿಗದ ಒಂದು ಸಲ ಹೊಳೆಯುವ ತಗಡನ್ನು ಹೂವಿನ ಹಾಗೆ ಮಡಚಿ ಇಟ್ಟಿದ್ದರು. ಮದುವೆಯಾದ ಮೇಲೆ ಈ ಮನುಷ್ಯ ಒಂದು ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಏನು ಕೇಳಿದರೂ ಹ್ಞೂಂ. ಡಬ್ಬಿ ಮಾತ್ರ ಒಮ್ಮೆಯೂ ಖಾಲಿ ಬಂದದ್ದಿಲ್ಲ.

ಇವೆಲ್ಲ ಸಣ್ಣ ತೂಕದವು. ಪೆಟ್ಟಿಗೆ ಉಡಿಯ ನಡುವೆ ಬೀಳುವ ಬದಲು ತುಸು ಈಚೆಗೆ ಬೀಳುತ್ತಿತ್ತು, ಅಷ್ಟೆ. ಇಡೀ ದಿಣ್ಣೆಗೆ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ದಿನ ಬೆಳಗಿನ ಪಾಳಿಯಲ್ಲಿ ತಗ್ಗಿನ ಡ್ರಿಲ್ಲಿನ ತೋಳು ಜಾರಿ ಅಡಿವೆಪ್ಪನವರ ಹೊಟ್ಟೆಗೆ ಬಡಿಯಿತು. ಸೂಟು ಹರಿಯಲಿಲ್ಲ, ಅದೊಂದೇ ಪುಣ್ಯ. ಒಳಗೆ ರಕ್ತ ಸೋರುತ್ತಿದೆ, ಸಂಜೆಯೊಳಗೆ ಮೇಜಿನ ಮೇಲೆ ಮಲಗಿಸದಿದ್ದರೆ ಉಳಿಯುವುದಿಲ್ಲ ಎಂದು ನಮ್ಮ ಡಾಕ್ಟರು ಹೇಳಿದರು. ಕವಣೆ ತಳ್ಳುವಾಗ ಎದೆಯ ಮೇಲೆ ಐದಾರು ಜನ ಕೂತಷ್ಟು ಭಾರ ಬೀಳುತ್ತದೆ. ಕೆಲವೇ ಸೆಕೆಂಡು, ತಡೆದುಕೊಂಡಾರು ಎಂದೂ ಅವರೇ ಹೇಳಿದರು.

ಕಂಟ್ರೋಲ್ ರೂಮಿನಲ್ಲಿ ಕಟ್ಟಿ ಸರ್ ಮೈಕಿನ ಮುಂದೆ ಕೂತಿದ್ದರು. ಧಾರವಾಡದವರು, ದಿಣ್ಣೆಯ ಮುಖ್ಯಸ್ಥರು, ನಿಯಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ಕೆಳಗಿನಿಂದ ಮಾತಾಡುತ್ತಿದ್ದವನು ಅಡಿವೆಪ್ಪನವರ ಜೊತೆಗಾರ, ನನಗೆ ಮೈದುನನಂತಿದ್ದ ಮಕ್ತುಂ ನದಾಫ.

"ವೈನಿ, ಅಣ್ಣಾರನ್ನ ಪೆಟ್ಟಿಗ್ಯಾಗ ಕೂಡಿಸೇನ್ರಿ. ಬೆಲ್ಟ್ ಬಿಗಿದೇನಿ. ಸೂಜಿ ಮಾಡೇನಿ, ನಿದ್ದಿ ಹತ್ತೇತಿ."

"ಮುಖ ಹೆಂಗೈತೋ ಮಕ್ತುಂ?"

"ಬೆಳ್ಳಗಾಗೇತ್ರಿ. ನಿಮಗ ಸುಳ್ಳು ಹೇಳಂಗಿಲ್ಲ."

ಕಟ್ಟಿ ಸರ್ ನಡುವೆ ಬಂದರು. "ಪೆಟ್ಟಿಗಿ, ಸೂಟು, ಮನುಷ್ಯಾ, ಗಾಳಿ ಸಿಲಿಂಡರ್, ಎಲ್ಲಾ ಕೂಡಿ ಇನ್ನೂರಾ ಐವತ್ತು ಕಿಲೋ ಆಗ್ತದ. ಕವಣಿ ಅಷ್ಟಕ್ಕ ಇಡ್ರಿ."

"ಇಟ್ಟೇನ್ರಿ ಸರ್. ಇನ್ನ ರೇಡಿಯೋ ಬಂದ್ ಮಾಡ್ತೀನ್ರಿ, ದೀಪಾನೂ ಆರಸ್ತೀನಿ. ಇದ್ದ ಕರೆಂಟೆಲ್ಲಾ ಕವಣಿಗೇ ಹೋಗಬೇಕು. ತುಂಬಿದ ಕೂಡ್ಲೇ ಅದು ತಾನಾ ಎಸೀತೈತಿ." ಒಂದು ಕ್ಷಣ ತಡೆದು ಸೇರಿಸಿದ, "ವೈನಿ, ನಿಮ್ಮ ಡಬ್ಬೀನೂ ಅಣ್ಣಾರ ಕಾಲ ಹತ್ರ ಇಟ್ಟೇನ್ರಿ."

ರೇಡಿಯೋ ನಿಂತಿತು.

"ಡಬ್ಬೀದು ಎಷ್ಟು?" ಕಟ್ಟಿ ಸರ್ ಕೇಳಿದರು.

"ಖಾಲಿ ಡಬ್ಬಿ, ಅರ್ಧ ಕಿಲೋನೂ ಇಲ್ರಿ ಸರ್. ಪೆಟ್ಟಿಗೀ ತೂಕದಾಗ ಅದನ್ನ ಹಿಡದೇನಿ," ಎಂದೆ.

"ಹಂಗಾದ್ರ ನಡೀತದ." ನನ್ನ ಕಡೆ ತಿರುಗಿ ನೋಡಿದರು. "ಕವಣಿ ತುಂಬಲಿಕ್ಕೆ ಮೂರು ತಾಸು ಬೇಕು. ನೀವು ಮನೀಗೆ ಹೋಗ್ರಿ. ಹೆಂಡತಿಯಾದಾಕಿ ಇವತ್ತ ಬೋರ್ಡಿನ ಮುಂದ ಕೂಡೋದು ಬ್ಯಾಡ."

ಸಿಟ್ಟು ಬಂತು. ಆದರೂ ಎದ್ದು ಹೊರಟೆ.

*

ಮನೆಯಲ್ಲಿ ಅತ್ತೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಸುದ್ದಿ ಆಕೆಗೆ ಆಗಲೇ ಮುಟ್ಟಿತ್ತು. ಯಾರೂ ಉಣ್ಣುವ ಹಾಗಿಲ್ಲದ ಹೊತ್ತಿನಲ್ಲಿ ಯಾಕೆ ಇಷ್ಟು ಹಿಟ್ಟು ಎಂದು ನಾನು ಕೇಳಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು ಆಕೆಗೆ.

ಮಗನ ಬಗ್ಗೆ ಕೇಳಲು ಬಾಯಿ ಬರಲಿಲ್ಲವೇನೋ. ತಲೆಯೆತ್ತದೆ ಕೇಳಿದಳು, "ಡಬ್ಬಿ ಬರಾಕತ್ತೇತೇನು?"

"ಹೌದ್ರಿ ಅತ್ತಿ. ಕಾಲ ಹತ್ರ ಇಟ್ಟಾನಂತ ಮಕ್ತುಂ."

"ಹಂಗಾದ್ರ ನನ್ನ ಮಗಗ ಇನ್ನೂ ಎಚ್ಚರ ಐತಿ." ಹಿಟ್ಟನ್ನು ಮಗುಚಿ ಹಾಕಿದಳು. "ಈ ಸಲ ಅದರಾಗ ಏನ್ ಇಟ್ಟಾನೋ ಏನೋ."

ಖಾಲಿ ಡಬ್ಬಿ ಎಂದು ಕಟ್ಟಿ ಸರ್‌ಗೆ ಹೇಳಿ ಬಂದಿದ್ದೆ. ಅದು ಎಂದು ಖಾಲಿ ಬಂದಿದೆ?

ಕೊಕ್ಕೆಯೋ ತಗಡೋ ಇದ್ದರೆ ಹೆದರಬೇಕಿಲ್ಲ. ಆದರೆ ಹೋದ ವಾರದ ರೇಡಿಯೋ ಮಾತು ನೆನಪಿಗೆ ಬಂತು. ಸರದಿ ಮುಗಿದಿದ್ದರೂ ಇನ್ನೊಂದು ವಾರ ಇರುತ್ತೇನೆಂದು ಅವರು ಹೇಳಿದ್ದಕ್ಕೆ ನಾನು ರೇಗಿದ್ದೆ. "ನಿಮ್ಮ ಮ್ಯಾಲೆ ಸಿಟ್ಟು ಬಂದ್ರ ಕುಟ್ಟಾಕ ಇಲ್ಲೊಂದು ಕಲ್ಲೂ ಇಲ್ಲ. ಊರಾಗಾದ್ರ ಅತ್ತೀ ಕುಟ್ಟಾಣ್ಯಾಗ ಒಂದು ಸೇರು ಶೇಂಗಾ ಕುಟ್ಟಿ ಹಗುರ ಆಕ್ಕಿದ್ದೆ." ಅವರು ಎಂದಿನಂತೆ ಹ್ಞೂಂ ಎಂದರು. ಆಮೇಲೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದರು: "ನಿನ್ನ ಮುಷ್ಟಿ ಆ ಡಬ್ಬಿಯೊಳಗ ಸಲೀಸಾಗಿ ಹೋಗಿ ಬರತೈತೇನು?" ಬುತ್ತಿ ಸಾಲುತ್ತಿಲ್ಲ ಎಂಬ ದೂರು ಎಂದುಕೊಂಡು ನಾನು ಇನ್ನೂ ನಾಲ್ಕು ಮಾತು ಬೈದಿದ್ದೆ.

"ಅತ್ತಿ," ಎಂದೆ. "ಅವರು ಕುಟ್ಟಾಣಿ ಮಾಡ್ಯಾರ್ರಿ. ಕಲ್ಲಿಂದು. ಡಬ್ಬ್ಯಾಗ ಹಿಡಿಯೋ ಹಂಗ. ಅದಕ್ಕ ನನ್ನ ಮುಷ್ಟಿ ಅದರಾಗ ಹೋಗತೈತೇನು ಅಂತ ಕೇಳಿದ್ರು."

ಅತ್ತೆಯ ಕೈ ನಿಂತಿತು. ಅವಳ ಮುಖದಲ್ಲಿ ಸಂತೋಷ ಮೂಡಿತು. ಅದರ ಹಿಂದೆಯೇ ನನ್ನ ಮುಖ ನೋಡಿ ಅದು ಆರಿಹೋಯಿತು.

"ಅದರಿಂದ ಏನಾಕ್ಕೈತಿ?"

"ಒಂದು ಕಿಲೋ ಹೆಚ್ಚಾದ್ರ ನಲವತ್ತು ಮೀಟರ್ ಮುಂಚೆ ಬೀಳ್ತಾರ. ಉಡಿ ಇರೋದ ನಲವತ್ತು ಮೀಟರ್ ಉದ್ದ, ಗುರಿ ಅದರ ನಟ್ಟನಡುವ. ಅದರ ಮುಂದ ಬರೀ ಬಂಡಿಗಲ್ಲು."

ಅತ್ತೆ ಅಳುತ್ತಾಳೆ ಎಂದುಕೊಂಡೆ. ಆಕೆ ಎದ್ದು, ಮೇಲಿನ ಹಲಗೆಯಿಂದ ಆ ಡಬ್ಬಿಯದೇ ಜೋಡಿಯನ್ನು ತಂದು ನನ್ನ ಮುಂದೆ ಇಟ್ಟಳು. ನಾದಿದ ಹಿಟ್ಟನ್ನೆಲ್ಲ ಎತ್ತಿ ಅದರೊಳಗೆ ಒತ್ತಿದಳು.

"ನಿನ್ನ ಮುಷ್ಟಿ ಕೇಳಿದ್ನಲ್ಲ? ಒತ್ತು."

ಒತ್ತಿದೆ. ಮಣಿಕಟ್ಟಿನವರೆಗೆ ಹಿಟ್ಟಿಗೆ ಇಳಿಯಿತು. "ಇನ್ನ ಸ್ವಲ್ಪ ಅಗಲಿಸು, ಕುಟ್ಟುವಾಗ ಕೈ ಆಡಬೇಕಲ್ಲ," ಎಂದಳು. ಅಗಲಿಸಿದೆ. ತಳ ದಪ್ಪವಾಯಿತೆಂದು ನಾನು ಇನ್ನಷ್ಟು ತೆಗೆಯಲು ಹೋದಾಗ ಕೈ ತಡೆದಳು. "ತಳ ದಪ್ಪ ಇರ್ಲಿ. ಸಣ್ಣಾವ ಇದ್ದಾಗ ಮಣ್ಣಿನ ಎತ್ತು ಮಾಡಿದ್ರೂ ಕಾಲು ದಪ್ಪ ಮಾಡ್ತಿದ್ದ, ಮುರೀಬಾರದು ಅಂತ. ನನ್ನ ಮಗ ತೆಳ್ಳಂದು ಮಾಡಾಂವಲ್ಲ."

ಹಾಗೆ ನಾವಿಬ್ಬರೂ ಸೇರಿ, ನೋಡದೇ ಇರುವ ಒಂದು ಕಲ್ಲಿನ ಕುಟ್ಟಾಣಿಯನ್ನು ಜೋಳದ ಹಿಟ್ಟಿನಲ್ಲಿ ಮಾಡಿದೆವು. ಅದನ್ನು ಡಬ್ಬಿಯಿಂದ ತೆಗೆದು ತೆಳು ಪ್ಲಾಸ್ಟಿಕ್ಕಿನಲ್ಲಿ ಒಳಗೂ ಹೊರಗೂ ಅಂಟುವಂತೆ ಸುತ್ತಿ, ಕಂಠಮಟ್ಟ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿದೆ. ಹೊರಚೆಲ್ಲಿದ ನೀರನ್ನು ಅಳೆದರೆ ಅರ್ಧ ಲೀಟರ್. ತಗ್ಗಿನ ಕರಿಕಲ್ಲು ನೀರಿಗಿಂತ ಮೂರು ಪಟ್ಟು ಭಾರ. ಒಂದೂವರೆ ಕಿಲೋ. ಅರವತ್ತು ಮೀಟರ್.

ಹಿಟ್ಟಿನ ಕುಟ್ಟಾಣಿಯನ್ನು ಎದೆಗವಚಿಕೊಂಡು ನಾನು ಓಡಿದೆ. ಓಣಿಯಲ್ಲಿ ಎದುರಾದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

*

ಕಟ್ಟಿ ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಮೇಜಿನ ಮೇಲೆ ನಾನಿಟ್ಟ ಹಿಟ್ಟಿನ ಮುದ್ದೆಯನ್ನು ಮುಟ್ಟದೆ ನೋಡಿದರು.

"ಅಡಿವೆಪ್ಪ ನಿಮಗ ಹೇಳ್ಯಾರೇನು, ಕುಟ್ಟಾಣಿ ಮಾಡೀನಿ ಅಂತ?"

"ಇಲ್ರಿ."

"ಮಕ್ತುಂ ಹೇಳ್ಯಾನೇನು?"

"ರೇಡಿಯೋ ಬಂದ್ ಐತಲ್ರಿ ಸರ್."

"ಅಂದ್ರ ನಿಮ್ಮ ಹಂತೇಕ ಇರೋದು ಒಂದು ಮುಷ್ಟಿ ಮಾತು, ಅಷ್ಟ." ಅವರ ದನಿಯಲ್ಲಿ ಹಂಗಿಸುವ ಭಾವವಿರಲಿಲ್ಲ, ಅದು ಇದ್ದಿದ್ದರೆ ನನಗೆ ಜಗಳವಾಡಲು ಸುಲಭವಾಗುತ್ತಿತ್ತು. "ನೋಡ್ರಿ, ಉಡಿ ಹಳೀ ಮ್ಯಾಲೆ ಅದ, ಕುಳೀ ಕಡೆ ಮುಂದ ಎಳೀಬಹುದು. ಅರವತ್ತು ಮೀಟರ್ ಎಳದ್ವಿ ಅಂತ ಇಟ್ಕೋರಿ. ಡಬ್ಬಿ ಖಾಲಿ ಇತ್ತು ಅಂದ್ರ? ಅವರು ಉಡೀ ದಾಟಿ ಹಿಂದಿನ ಇಳಿಜಾರಿಗೆ ಹೋಗಿ ಬೀಳ್ತಾರ. ಆವಾಗ ಕೊಂದವರು ನಾವು."

"ಎಳೀದ ಬಿಟ್ರ, ಕುಟ್ಟಾಣಿ ಇದ್ರ, ಆವಾಗ್ಲೂ ಕೊಂದವರು ನಾವ ಅಲ್ಲೇನ್ರಿ?"

"ನಡುವ ಇಡೋಣು. ಇಪ್ಪತ್ತ ಮೀಟರ್ ಎಳಿಯೋಣು."

"ಇಪ್ಪತ್ತಕ್ಕ ಇಟ್ರ ನಲವತ್ತರ ತನಕ ಹಿಡೀತೈತಿ. ಅವರು ಬೀಳೋದು ಅರವತ್ತಕ್ಕ." ಅರ್ಧಂಬರ್ಧ ನಂಬಿಕೆಯಿಂದ ಅಲ್ಲಿ ಏನೂ ಸಿಗುವ ಹಾಗಿರಲಿಲ್ಲ. ಒಂದೋ ನನ್ನ ಗಂಡ ಎಂಥವರು ಎಂಬುದನ್ನು ಪೂರ್ತಿ ನಂಬಬೇಕಿತ್ತು, ಇಲ್ಲವೇ ಕಾಗದದಲ್ಲಿದ್ದ ತೂಕವನ್ನು ಪೂರ್ತಿ ನಂಬಬೇಕಿತ್ತು. ನಾನು ತಪ್ಪಿದರೆ ಆಮೇಲೆ ಬದುಕುವುದು ಹೇಗೆಂದು ತಿಳಿಯದೆ ನಿಂತಿದ್ದೆ.

ಕಟ್ಟಿ ಸರ್ ಕಣ್ಣು ಮೇಜಿನ ಮೇಲಿದ್ದ ಒಂದು ಕರಿಕಲ್ಲಿನ ಮೇಲೆ ನಿಂತಿತ್ತು. ಕಾಗದಗಳು ಅತ್ತಿತ್ತ ಹೋಗದ ಹಾಗೆ ಅವರು ಇಟ್ಟುಕೊಂಡಿದ್ದ, ಕೈಯಲ್ಲಿ ತಿಕ್ಕಿ ನುಣುಪು ಮಾಡಿದ ಕಲ್ಲು.

"ಹೋದ ಹಬ್ಬಕ್ಕ ನಮ್ಮ ಮನಿಯಾಕಿ ಮಕ್ತುಂಗ ಒಂದು ಬಾಕ್ಸಿನ್ಯಾಗ ಮಾದಲಿ ಕಳಿಸಿದ್ಲು," ಎಂದರು. "ಬಾಕ್ಸ್ ವಾಪಸ್ ಬಂತು. ಒಳಗ ಇದಿತ್ತು." ಕಲ್ಲನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು. ಆಮೇಲೆ ಮೈಕ್ ಎಳೆದುಕೊಂಡು ಉಡಿಯ ಕೆಲಸದವರಿಗೆ ಹೇಳಿದರು, "ಅರವತ್ತ ಮೀಟರ್ ಮುಂದ ಎಳೀರಿ. ಕಾರಣ ನಾ ಆಮ್ಯಾಲ ಹೇಳ್ತೀನಿ."

ನಾನು ಬೋರ್ಡಿನ ಮುಂದೆ ನನ್ನ ಕುರ್ಚಿಯಲ್ಲಿ ಕೂತೆ. ಈ ಸಲ ಅವರು ಏಳಿಸಲಿಲ್ಲ.

ಪರದೆಯ ಮೇಲೆ ಉಡಿಯ ಕಂಬಗಳು ಹಳಿಯ ಮೇಲೆ ತೆವಳುವುದು ಕಾಣುತ್ತಿತ್ತು. ಸೂಟು ಹಾಕಿದ ಇಬ್ಬರು ಪ್ರತಿ ಕಂಬದ ಬುಡಕ್ಕೂ ಬೋಲ್ಟ್ ಹಾಕಿ ಬಿಗಿಯಬೇಕು. ತಗ್ಗಿನಲ್ಲಿ ಕವಣೆ ಎಷ್ಟು ತುಂಬಿದೆಯೆಂದು ತಿಳಿಯುವ ಉಪಾಯವಿರಲಿಲ್ಲ. ಮೂರು ತಾಸು ಎಂಬುದು ಅಂದಾಜು, ಮುಂಚೆಯೂ ಆಗಬಹುದು. ಕೊನೆಯ ಬೋಲ್ಟ್ ಬಿಗಿದು ಅವರು ಒಳಗೆ ಹೊರಡುವಷ್ಟರಲ್ಲಿ ನನ್ನ ಪಕ್ಕದ ಫೋನು ಹೊಡೆದುಕೊಂಡಿತು.

ಅತ್ತೆ. "ನೀಲಾ, ಕಣಕದ ತಾಟಿನ್ಯಾಗ ಒಂದು ಮುದ್ದಿ ಹಿಟ್ಟು ಉಳದೈತಿ," ಎಂದಳು. ಅವಳ ಉಸಿರು ಏರಿತ್ತು. "ನಾವು ಗುಂಡು ಮಾಡಲೇ ಇಲ್ಲ. ಕುಟ್ಟೋ ಗುಂಡಿಲ್ದ ಯಾರರ ಕುಟ್ಟಾಣಿ ಕೊಡ್ತಾರೇನು?"

ಕುಟ್ಟಾಣಿಯ ಲೆಕ್ಕ ಹಿಡಿದು ಗುಂಡನ್ನು ಮರೆತಿದ್ದೆ. ನಾನೂ ಎಂಜಿನಿಯರು.

"ಸರ್, ಗುಂಡಿಂದು ನಾನೂರು ಗ್ರಾಂ ಮರತಿದ್ದೆ. ಇನ್ನೂ ಹದಿನಾರು ಮೀಟರ್ ಎಳೀಬೇಕ್ರಿ."

ಕಟ್ಟಿ ಸರ್ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ಬೋಲ್ಟೆಲ್ಲಾ ಬಿಚ್ಚಬೇಕು. ಅವರಿಬ್ಬರೂ ಹೊರಗಿರ್ತಾರ, ಅಷ್ಟರಾಗ ಪೆಟ್ಟಿಗಿ ಬಂದ್ರ ಅವರ ತಲೀ ಮ್ಯಾಲೆ ಬೀಳ್ತದ. ನಿಮಗ ಖಾತ್ರಿ ಅದ ಏನು?"

"ಅರ್ಧ ಮಾಡಿದ್ದನ್ನ ಕೊಡೋ ಮನುಷ್ಯ ಅಲ್ರಿ ಅವರು."

ಹೊರಗಿದ್ದ ಇಬ್ಬರಲ್ಲಿ ಹಿರಿಯವರು ಇದನ್ನು ಕೇಳಿಸಿಕೊಂಡಿರಬೇಕು. ಕಟ್ಟಿ ಸರ್ ಬಾಯಿ ತೆರೆಯುವ ಮೊದಲೇ, "ನಾವು ಹೊಳ್ಳಿ ಹೊಂಟೇವ್ರಿ ಸರ್," ಎಂಬ ದನಿ ಬಂತು. ಬೋಲ್ಟುಗಳು ಬಿಚ್ಚಿದವು. ಕಂಬಗಳು ಮತ್ತೆ ತೆವಳಿದವು. ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಯಲು ಹೊತ್ತಿರಲಿಲ್ಲ, ಕುಳಿಯ ಕಡೆಯ ಕಂಬಗಳಿಗೆ ಎರಡರ ಬದಲು ಒಂದೊಂದೇ ಹಾಕಿ ಅವರು ಬಂಡೆಯ ಮರೆಗೆ ಓಡಿದರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಹಿಟ್ಟಿನ ಕುಟ್ಟಾಣಿ ಮೇಜಿನ ಮೇಲೆ ಒಣಗಿ ಬಿರಿಯುತ್ತಿತ್ತು. ಅದರ ಕುಳಿಯಲ್ಲಿ ಕೈಯಿಟ್ಟುಕೊಂಡು ಕೂತೆ. ದೇವರಿಗೆ ಏನೂ ಬೇಡಿಕೊಳ್ಳಲಿಲ್ಲ. ಗಂಡನಿಗೆ ಮಾತ್ರ ಮನಸ್ಸಿನಲ್ಲೇ ಹೇಳುತ್ತಿದ್ದೆ, ನೀವು ನನಗೆ ಗೊತ್ತು, ನೀವು ನನಗೆ ಗೊತ್ತು ಎಂದು.

ಕುಳಿಯ ಕತ್ತಲೆಯೊಳಗಿಂದ ಏನೋ ಮೇಲೆದ್ದಿತು. ನೆರಳು ಇರುವವರೆಗೆ ಅದು ಕಾಣಲಿಲ್ಲ. ಬಿಸಿಲಿನ ಗೆರೆ ದಾಟಿದ ಕೂಡಲೇ ಒಮ್ಮೆಲೇ ಹೊತ್ತಿಕೊಂಡ ದೀಪದ ಹಾಗೆ ಹೊಳೆಯಿತು. ಅದರಲ್ಲಿ ನನ್ನ ಗಂಡ ಇದ್ದರು. ಸದ್ದಿಲ್ಲ, ಗಾಳಿಯಿಲ್ಲ, ಏರಿ ಬಾಗಿ ಇಳಿಯತೊಡಗಿತು. ಇಳಿಯುವಾಗ ಅದು ಎಲ್ಲಿ ಬೀಳುತ್ತದೆಂದು ನನ್ನ ಕಣ್ಣಿಗೆ ತಿಳಿದುಹೋಯಿತು. ಇನ್ನೂ ಮುಂಚೆ. ನಾವು ಎಣಿಸಿದ್ದಕ್ಕಿಂತಲೂ ಭಾರ.

"ಹೋತು," ಎಂದರು ಕಟ್ಟಿ ಸರ್.

ಪೆಟ್ಟಿಗೆ ಉಡಿಯ ಕುಳಿಯ ಕಡೆಯ ಅಂಚಿಗೆ, ಕೊನೆಯ ಹತ್ತು ಮೀಟರಿನಲ್ಲಿ ಬಿತ್ತು. ಬಲೆ ನೆಲದವರೆಗೂ ಜಗ್ಗಿತು. ಒಂದು ಕಂಬ ಬೋಲ್ಟ್ ಸಮೇತ ಕಿತ್ತುಬಂತು. ಉಳಿದವು ಹಿಡಿದವು. ಪೆಟ್ಟಿಗೆ ಎರಡು ಸಲ ತೂಗಾಡಿ ನಿಂತಿತು.

ಒಳಗಿದ್ದ ಯಂತ್ರ ಅವರ ನಾಡಿಯನ್ನು ಕಳಿಸತೊಡಗಿದಾಗ ಕಟ್ಟಿ ಸರ್ ಕನ್ನಡಕ ತೆಗೆದು ಒರೆಸಿದರು. ನಾನು ಅತ್ತೆಗೆ ಫೋನು ಮಾಡಿದೆ. "ಅತ್ತಿ, ಅತ್ತಿ" ಎಂದಷ್ಟೇ ಹೇಳಿ ಅತ್ತುಬಿಟ್ಟೆ.

*

ಆಪರೇಷನ್ ಮುಗಿಯುವವರೆಗೆ ನಾನೂ ಅತ್ತೆಯೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಡಬ್ಬಿ ನಮ್ಮಿಬ್ಬರ ನಡುವೆ ಇತ್ತು. ತೆರೆಯಲು ಧೈರ್ಯವಾಗಿರಲಿಲ್ಲ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೊರಗೆ ಬಂದು ಹೇಳಿದ ಮೇಲೆ ಅತ್ತೆಯೇ ಮುಚ್ಚಳ ತೆಗೆದಳು.

ಕುಟ್ಟಾಣಿ ಇತ್ತು. ಕರಿಕಲ್ಲಿನದು, ದಪ್ಪ ತಳದ್ದು, ನಾವು ಮಾಡಿದ್ದಕ್ಕಿಂತಲೂ ದಪ್ಪ. ಅದರ ಕುಳಿಯ ತುಂಬ, ಅಂಚಿನವರೆಗೆ, ತಿಳಿ ನೀರಿತ್ತು. ಗುಂಡು ಇರಲಿಲ್ಲ. ಅತ್ತೆ ಡಬ್ಬಿಯ ಬದಿಗೆಲ್ಲ ಬೆರಳಾಡಿಸಿ ಹುಡುಕಿದಳು.

ತಗ್ಗಿನ ರೇಡಿಯೋ ಮತ್ತೆ ಶುರುವಾಗಿತ್ತು. ನಾನು ಹೋಗಿ ಮಕ್ತುಂನನ್ನು ಕೇಳಿದೆ, ಡಬ್ಬಿಯಲ್ಲಿ ನೀರು ಎಲ್ಲಿಂದ ಬಂತು ಎಂದು.

ಅವನು ಹೆದರಿದ. "ತಪ್ಪಾತೇನ್ರಿ ವೈನಿ? ಅಣ್ಣಾರು ಕುಟ್ಟಾಣೀನ ಮೊದಲ ಡಬ್ಬ್ಯಾಗ ಇಟ್ಟಿದ್ರು. ಮುಚ್ಚೋವಾಗ ನೋಡಿದ್ರ ಅದರ ಹೊಟ್ಟಿ ಖಾಲಿ ಕಾಣ್ತು. ಇಷ್ಟ ದಿನ ನಿಮ್ಮ ರೊಟ್ಟಿ ನಾನೂ ತಿಂದೇನಿ. ಖಾಲಿ ಹೆಂಗ ಕಳಸೋದು? ಚೊಲೋ ಮಂಜುಗಡ್ಡಿ ಒಂದು ತುಂಡು ಕೆತ್ತಿ ಅದರಾಗ ಕೂಡಿಸಿದೆ."

ಗುಂಡಿಗೆಂದು ನಾವು ಹಿಡಿದ ತೂಕದ ಜಾಗದಲ್ಲಿ ಮಕ್ತುಂನ ಮಂಜುಗಡ್ಡೆ ಕೂತಿತ್ತು. ಅತ್ತೆ ಫೋನು ಮಾಡದೇ ಇದ್ದಿದ್ದರೆ ಉಡಿ ಹದಿನಾರು ಮೀಟರ್ ಹಿಂದೆ ಇರುತ್ತಿತ್ತು. ಪೆಟ್ಟಿಗೆ ಬಂಡೆಗೆ ಬಡಿಯುತ್ತಿತ್ತು.

"ಗುಂಡು ಎಲ್ಲೈತಿ?"

"ಇಲ್ಲೇ ಐತ್ರಿ. ನಾ ಇಡಾಕ ಹೋಗಿದ್ದೆ. ಸೂಜಿ ಮಾಡೋದಕ್ಕಿಂತ ಮೊದಲ ಅಣ್ಣಾರು ನನ್ನ ಕೈ ಹಿಡದ್ರು. ಬ್ಯಾಡ, ಅದಿನ್ನೂ ನುಣ್ಣಗಾಗಿಲ್ಲ, ಆಕೀ ಅಂಗೈಗೆ ಚುಚ್ಚತೈತಿ ಅಂದ್ರು."

ಹೊಟ್ಟೆಯಲ್ಲಿ ರಕ್ತ ಸೋರುತ್ತಿದ್ದಾಗ ಆ ಮನುಷ್ಯ ಆಡಿದ ಕೊನೆಯ ಮಾತು ನನ್ನ ಅಂಗೈಯದು. ಇದಕ್ಕಿಂತ ಹೆಚ್ಚಿನ ಪ್ರೀತಿಯ ಮಾತು ಯಾರ ಗಂಡ ಆಡಿದ್ದಾನೋ ನನಗೆ ಗೊತ್ತಿಲ್ಲ.

ಭೂಮಿಯ ಕಚೇರಿಯಿಂದ ಆದೇಶ ಬಂತು. ಇನ್ನು ಮುಂದೆ ಪೆಟ್ಟಿಗೆ, ಡಬ್ಬಿ, ಬಟ್ಟಲು ಎಲ್ಲವೂ ಖಾಲಿಯಾಗಿಯೇ ಮರಳಬೇಕು, ತಪ್ಪಿದರೆ ಕ್ರಮ. ಜೊತೆಗೆ ಹೊಸ ತೂಕದ ಯಂತ್ರವನ್ನೂ ಮಂಜೂರು ಮಾಡಿದ್ದರು. ಕಟ್ಟಿ ಸರ್ ಆದೇಶವನ್ನು ಎರಡು ಸಲ ಓದಿ ಅದರ ಮೇಲೆ ಆ ಕರಿಕಲ್ಲನ್ನು ಇಟ್ಟರು.

"ಯಂತ್ರ ಬಂದು ಮುಟ್ಟೂತನಕ ಖಾಲಿ ಪೆಟ್ಟಿಗೀದು ತೂಕ ಎಷ್ಟು ಅಂತ ನಾವ ಹಾಕಬೇಕಲ್ಲ," ಎಂದರು ನನ್ನ ಕಡೆ ನೋಡದೆ. "ಒಂದು ಹಿಡಿ ಹೆಚ್ಚಿಗಿ ಹಾಕಿಡ್ರಿ."

ಹಾಕಿಟ್ಟೆ.

ಗುಂಡು ಇನ್ನೂ ಬರಬೇಕಿತ್ತು, ಆದರೆ ಮಕ್ತುಂಗೆ ಡಬ್ಬಿ ಕಳಿಸುವುದನ್ನು ಅಷ್ಟು ದಿನ ತಡೆಯಲು ಮನಸ್ಸಾಗಲಿಲ್ಲ. ಅಡಿವೆಪ್ಪನವರನ್ನು ಮನೆಗೆ ಕರೆತಂದ ದಿನ ಉಡಿಯಿಂದ ಕಿತ್ತುಬಂದ ಬೋಲ್ಟನ್ನು ಕೇಳಿ ತಂದು, ಚೆನ್ನಾಗಿ ತೊಳೆದು, ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದ ಪುಡಿ ಹಾಕಿ ಹೊಸ ಕುಟ್ಟಾಣಿಯಲ್ಲಿ ಆ ಬೋಲ್ಟಿನಿಂದಲೇ ಅವನಿಗೆ ಚಟ್ನಿ ಕುಟ್ಟತೊಡಗಿದೆ. ಕುಟ್ಟುತ್ತ ಕುಟ್ಟುತ್ತ ನನಗೇ ತಿಳಿಯದೆ ಏಟು ಜೋರಾಯಿತು. ಅತ್ತೆ ಇನ್ನಷ್ಟು ಶೇಂಗಾ ತಂದು ಸುರಿದು ಆಚೆ ಹೋದಳು.

ಹಾಸಿಗೆಯ ಮೇಲಿಂದ ಅವರು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಕೇಳಿದರು, "ಸಿಟ್ಟು ಬಂದೈತೇನು?"

"ಬಂದೈತ್ರಿ. ಸಾಯಾಕ ಹೋಗಿದ್ರಿ ನನ್ನ ಬಿಟ್ಟು."

"ಹ್ಞೂಂ," ಎಂದರು. ಆಮೇಲೆ ನಿಧಾನವಾಗಿ ಕೈ ಚಾಚಿ, ನನ್ನ ಅಂಗೈಯನ್ನು ಬಿಡಿಸಿ, ಬೋಲ್ಟಿನ ಅಂಚು ಎಲ್ಲಾದರೂ ಚುಚ್ಚಿದೆಯೇ ಎಂದು ನೋಡಿದರು.